ಉಪ್ಪಿಲ್ಲದ ಊಟ ಉಂಡವನು

"ಇನ್ನೊಂದು ರೊಟ್ಟಿ ಹಾಕ್ಲೇನ್ರಿ?"

ಮಧು ಕೇಳಿದಾಗ ಶ್ರೀಶೈಲ ತಲೆ ಎತ್ತಿದ. ಇಬ್ಬರ ಕಣ್ಣೂ ಕೂಡಿದವು.

ಒಂದೇ ಗಳಿಗೆ... ಅಷ್ಟೇ! ಅವಳು ರೊಟ್ಟಿ ಬುಟ್ಟಿಯ ಕಡೆ ಕಣ್ಣು ತಿರುಗಿಸಿದಳು.

"ಹಾಕ್ರಿ," ಎಂದ ಅವನು.

ಸಾಲಹಳ್ಳಿಯ ಬಸಲಿಂಗಪ್ಪನ ಮನೆಯಲ್ಲಿ ಅಂದು ಕನ್ಯೆ ನೋಡುವ ಕಾರ್ಯ. ಏಪ್ರಿಲ್ ತಿಂಗಳ ಬಿಸಿಲು ಅಂಗಳದಲ್ಲಿ ನಿಂತು ಒಳಗೆ ಇಣುಕುತ್ತಿತ್ತು. ಯರಗಟ್ಟಿಯಿಂದ ಹುಡುಗ ಶ್ರೀಶೈಲನ ಜೊತೆ ಬಂದ ಸೋದರಮಾವ ಮತ್ತು ಇಬ್ಬರು ಹಿರಿಯರು ಅವಲಕ್ಕಿ ತಿಂದು, ಚಹಾ ಕುಡಿದು, ಗೋಡೆಗೆ ಒರಗಿದ್ದರು. ಆ ಕಡೆಯ ಪದ್ಧತಿಯೇ ಹಾಗೆ. ಮಾತು ಗಟ್ಟಿಯಾಗುವ ತನಕ ಹೆಣ್ಣಿನ ಮನೆಯಲ್ಲಿ ಯಾರೂ ಊಟಕ್ಕೆ ಕೂಡುವುದಿಲ್ಲ. ಉಂಡರೆಂದರೆ ಒಪ್ಪಿದರೆಂದೇ ಅರ್ಥ.

ಆದರೆ ಮಧು ಎರಡು ದಿನ ಮೊದಲೇ ಹಟ ಹಿಡಿದಿದ್ದಳು.

"ಅವಲಕ್ಕಿ ಯಾರ ಮಾಡಿದ್ರೂ ಒಂದ ಆಗ್ತಾವು ಅಪ್ಪಾ. ನಾ ದಿನಾ ಏನ್ ಮಾಡತೇನಿ, ಅದನ್ನ ಹುಡುಗ ಉಣ್ಲಿ. ಹಿಡಸಲಿಲ್ಲಂದ್ರ ತಾಟ ಸರಿಸಿ ಏಳ್ಲಿ. ಹೆಂಗೈತಿ ಅಂತ ಬಾಯಿ ಬಿಟ್ಟು ಹೇಳ್ಲಿ."

ಅವಳ ಹಟಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ರಾಮದುರ್ಗದ ಒಬ್ಬ ಹುಡುಗ ಬಂದಿದ್ದ. ಕೇಳಿದ್ದಕ್ಕೆಲ್ಲ "ಚಲೋ ಐತಿ, ಚಲೋ ಐತಿ" ಎಂದು ನಕ್ಕಿದ್ದ. ನಿಶ್ಚಯದ ಸೀರೆಯೂ ಬಂತು. ಆಮೇಲೆ ತಿಳಿಯಿತು, ಅವನ ಮನಸ್ಸು ಮೊದಲಿನಿಂದಲೂ ಬೇರೆ ಕಡೆ ಇತ್ತು! ಅಂದಿನಿಂದ ಮಧುಗೆ ಚಂದದ ಮಾತೆಂದರೆ ಭಯ.

'ಮುಖದ ಮೇಲೆ ಖರೆ ಹೇಳುವವನು ಸಿಕ್ಕರೆ ಮದುವೆ. ಇಲ್ಲದಿದ್ದರೆ ನಾನು, ನನ್ನ ಹಿತ್ತಲು...'

ಆ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಅವಳು ಹಿತ್ತಲಿಗೆ ಇಳಿದಿದ್ದಳು. ಚಪ್ಪರದಿಂದ ಎಳೆಯ ಹೀರೆಕಾಯಿ ಕೊಯ್ದಳು. ಎಲೆಯ ಮರೆಯಲ್ಲಿ ತಣ್ಣಗೆ ಮಲಗಿದ್ದ ಸೌತೆಕಾಯಿ ಹುಡುಕಿದಳು. ಬಚ್ಚಲ ನೀರು ಹರಿಯುವ ಮಡಿಯಲ್ಲಿ ಸಬ್ಬಸಿಗೆಯೂ ಕೊತ್ತಂಬರಿಯೂ ಇದ್ದವು. ಹೀರೆಕಾಯಿಗೆ ಶೇಂಗಾ ಪುಡಿ ಉದುರಿಸಿ ಪಲ್ಯ, ಸಬ್ಬಸಿಗೆಗೆ ಹೆಸರುಬೇಳೆ ಕೂಡಿಸಿ ಇನ್ನೊಂದು ಪಲ್ಯ. ಸೌತೆಕಾಯಿ ಹೆಚ್ಚಿ, ಮೊಸರು ಬೆರೆಸಿ ಪಚಡಿ. ಬಿಸಿ ಜೋಳದ ರೊಟ್ಟಿ. ಅಷ್ಟೇ. ಬೇಸಿಗೆಯಲ್ಲಿ ಆ ಮನೆಯ ದಿನದ ಊಟ ಅದು.

ಈಗ ಅದನ್ನು ಶ್ರೀಶೈಲನೊಬ್ಬನೇ ತಲೆ ಬಗ್ಗಿಸಿ, ನಿಧಾನವಾಗಿ, ಒಂದೊಂದು ತುತ್ತನ್ನೂ ನೋಡಿ ನೋಡಿ ಉಣ್ಣುತ್ತಿದ್ದ.

"ಹೆಂಗಾಗೇತ್ರಿ?" ಮಧು ಕೇಳಿಯೇ ಬಿಟ್ಟಳು.

ಅವನು ಅವಳ ಮುಖ ನೋಡಿದ.

"ಭಾಳ ರುಚಿ ಆಗೇತ್ರಿ."

ಕೊನೆಗೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದ. ಒಂದು ಚೂರೂ ವ್ಯರ್ಥ ಆಗಬಾರದೆಂದು ಹಿರಿಯರು ಮಾಡುತ್ತಿದ್ದ ಹಾಗೆ! ಬಸಲಿಂಗಪ್ಪನ ಕಣ್ಣು ತುಂಬಿತು.

"ಅಳಿಯಾ ಉಂಡ ಬಿಟ್ಟಾ! ಇನ್ನ ಬ್ಯಾರೆ ಏನ್ ಕೇಳೂದೈತ್ರಿ?" ಎಂದು ಸೋದರಮಾವ ತೊಡೆ ತಟ್ಟಿ ನಕ್ಕ.

ಬಂದವರು ಹೋದ ಮೇಲೆ ಮಧು ತಾನೂ ತಾಟು ಹಾಕಿಕೊಂಡು ಕುಳಿತಳು. ಎದೆಯಲ್ಲಿ ಏನೋ ಹಗುರ... ಮೊದಲ ತುತ್ತು ಬಾಯಿಗಿಟ್ಟಳು.

ಕೈ ಅಲ್ಲೇ ನಿಂತಿತು.

"ಅವ್ವಾ... ಪಲ್ಯಾಕ ಉಪ್ಪ ಹಾಕಿದಿ ಏನ?"

"ನಾ ಯಾಕ ಹಾಕ್ಲಿ? ನೀ ಹಾಕಿಲ್ಲಾ?" ರಾಚವ್ವ ಒಳಗಿನಿಂದ ಓಡಿ ಬಂದಳು.

ಹೀರೆಕಾಯಿಯಾಗಲಿ ಸೊಪ್ಪಾಗಲಿ, ಬೆಂದು ಕುಗ್ಗಿದ ಮೇಲೆಯೇ ಉಪ್ಪು ಹಾಕುವುದು ಮಧುವಿನ ರೂಢಿ. ಪಚಡಿಗಂತೂ ಬಡಿಸುವ ಹೊತ್ತಿಗೇ ಹಾಕಬೇಕು, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ. ಸರಿಯಾಗಿ ಪಲ್ಯ ಬೆಂದ ಹೊತ್ತಿಗೇ "ಸೀರಿ ಉಟ್ಕೋ ಬಾ, ಬಂದ್ರು!" ಎಂದು ಅವ್ವ ಕೂಗಿದ್ದಳು. ಮಗಳು ಅವ್ವ ಹಾಕುತ್ತಾಳೆಂದು ಹೋದಳು. ಅವ್ವ ಮಗಳು ಹಾಕಿದ್ದಾಳೆಂದು ಬಡಿಸಲು ಇಟ್ಟಳು. ಉಂಡವನು ಅವನೊಬ್ಬನೇ. ಹೇಳುವವರು ಯಾರು?

ರಾಚವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ಅಯ್ಯ ನಮ್ಮವ್ವ! ಎಂಥಾ ಚಲೋ ಹುಡುಗ ನೋಡ. ನಿನ್ನ ಮಾರಿ ಸಣ್ಣದಾಗಬಾರದಂತ ಬಾಯಿ ಮುಚ್ಕೊಂಡ ಉಂಡಾನ."

ಮಧು ನಗಲಿಲ್ಲ.

"ನಾ ಕೇಳಿದ್ದೆ ಅವ್ವಾ. ಹೆಂಗಾಗೇತಿ ಅಂತ ಮಾರಿ ನೋಡಿ ಕೇಳಿದ್ದೆ. ಮಾರಿ ನೋಡಿನ ಸುಳ್ಳ ಹೇಳಿದ್ರು!"

ಬಸಲಿಂಗಪ್ಪ ಬಾಗಿಲಲ್ಲಿ ಬಂದು ನಿಂತ. "ಹುಡುಗ ಉಂಡ ಹೋಗ್ಯಾನ, ಓಣಿ ಮಂದೆಲ್ಲಾ ನೋಡ್ಯಾರ. ಉಪ್ಪಿನ ಸಲುವಾಗಿ ಸಂಬಂಧ ಬಿಟ್ರು ಅಂದ್ರ ನಕ್ಕೋತ ಸಾಯ್ತಾರ ಮಂದಿ."

"ಬಿಡ್ತೇನಿ ಅಂತ ನಾ ಎಲ್ಲಿ ಅಂದೆ ಅಪ್ಪಾ? ಹೋಗಿ ಕೇಳಿ ಬರ್ತೇನಿ."

"ಹೆಣ್ಣ ಹುಡುಗಿ ಒಬ್ಬಾಕಿ ಹೋಗಿ ಕೇಳ್ತಾಳಾ?"

"ಮದವಿ ಆಗಾಕಿ ನಾನಲ್ಲಾ?"

ಮಾತು ಗಟ್ಟಿಯಾಗಿಯೇ ಬಂತು. ಒಳಗೆ ಮಾತ್ರ ಶ್ರೀಶೈಲನ ಆ ಎರಡು ಕಣ್ಣು ಬಿಡಲೊಲ್ಲವು... 'ಅಷ್ಟು ನಿಚ್ಚಳ ಕಣ್ಣು. ಸುಳ್ಳು ಹೇಳುವವನ ಕಣ್ಣು ಹಾಗಿರುತ್ತವೆಯೇ?'

ಮೂರನೆಯ ದಿನ ಮುಂಜಾನೆ ಬಸ್ಸಿಗೆ ಮಧು ಯರಗಟ್ಟಿಗೆ ಹೊರಟಳು. ಚೀಲದಲ್ಲಿ ಎರಡು ಸಣ್ಣ ಡಬ್ಬಿ. ಎರಡರಲ್ಲೂ ಸೌತೆಕಾಯಿ ಪಚಡಿ.

ಶ್ರೀಶೈಲನದು ಸಂತೆ ಬಯಲಿನ ಹತ್ತಿರ ಸಣ್ಣ ಖಾನಾವಳಿ. ಅವನ ತಾಯಿ ಪದ್ಮವ್ವ ಇಪ್ಪತ್ತು ವರ್ಷ ನಡೆಸಿದ್ದು. ಅವಳು ತೀರಿಕೊಂಡ ಮೇಲೆ ಮಗನೇ ಒಲೆ ಮುಂದೆ ನಿಂತಿದ್ದ. ಮಧು ಬಾಗಿಲಿಗೆ ಬಂದಾಗ ಒಳಗೆ ದೊಡ್ಡ ಗದ್ದಲ.

"ಶ್ರೀಶೈಲಾ, ನಿನ್ನೆ ಸಾರ ಸಮುದ್ರ ಆಗಿತ್ತು, ಇವತ್ತ ಹಳ್ಳದ ನೀರ ಆಗೇತಿ!" ಮೂಟೆ ಹೊರುವ ಶಟ್ಟೆಪ್ಪ ಸಾರಿನ ವಾಟಿ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದ. "ನಿಮ್ಮವ್ವ ಇದ್ದಾಗ ಹಿಂಗ ಇದ್ದಿದ್ದಿಲ್ಲ. ನೀ ರುಚಿ ನೋಡಿ ಇಳಸ್ತೀಯೋ, ಪಂಚಾಂಗ ನೋಡಿ ಇಳಸ್ತೀಯೋ?"

ಕುಳಿತವರೆಲ್ಲ ನಕ್ಕರು. ಶ್ರೀಶೈಲನೂ ನಕ್ಕ. ಆದರೆ ಆ ನಗು ಬಾಯಿಯಿಂದ ಮೇಲೆ ಏರಲಿಲ್ಲ.

ಆಗ ಅವಳನ್ನು ನೋಡಿದ. ಕೈಯಲ್ಲಿದ್ದ ಸೌಟು ಜಾರಿತು.

"ನೀವು! ಒಬ್ಬರ ಬಂದ್ರೇನ್ರಿ?"

"ಒಬ್ಬಾಕಿನ ಬಂದೇನಿ. ಒಂದೀಟು ಈ ಕಡೆ ಬರ್ರಿ."

ಒಳಗಿನ ಕೋಣೆಯಲ್ಲಿ ಜೋಳದ ಚೀಲದ ಮೇಲೆ ಅವಳು ಎರಡೂ ಡಬ್ಬಿ ತೆರೆದಿಟ್ಟಳು. "ಎರಡರಾಗ ಯಾವುದು ಚಲೋ ಆಗೇತಿ, ತಿಂದು ಹೇಳ್ರಿ."

ಅವನು ಒಂದರಲ್ಲಿ ತಿಂದ. ಇನ್ನೊಂದರಲ್ಲಿ ತಿಂದ. ಮತ್ತೆ ಅವಳ ಮುಖ ನೋಡಿದ.

"ಎರಡೂ ಚಲೋ ಆಗ್ಯಾವ್ರಿ."

ಮಧು ಎರಡನೆಯ ಡಬ್ಬಿಯನ್ನು ಅವನ ಕಡೆ ಸರಿಸಿದಳು.

"ಎರಡನೇದಕ್ಕ ಒಂದು ಮುಷ್ಟಿ ಬೇವಿನೆಲಿ ಅರದ ಹಾಕೇನ್ರಿ. ಬಸ್ ಹತ್ತೂಕಿಂತ ಮೊದಲ ನಾ ನಾಲಿಗಿಗೆ ಹಚ್ಚಿ ನೋಡೇನಿ. ಇನ್ನೂ ಬಾಯಿ ಕಹಿ ಐತಿ."

ಹೊರಗೆ ತಾಟುಗಳ ಸದ್ದು. ಶ್ರೀಶೈಲ ಗೋಡೆಗೆ ಕೈ ಕೊಟ್ಟು ನಿಂತ.

"ಮೂರು ವರ್ಷಾತ್ರಿ," ಎಂದ. "ಒಂದು ಕೆಟ್ಟ ಜ್ವರ ಬಂದಿತ್ತು. ಜ್ವರಾ ಇಳೀತು, ಬಾಯಾಗಿನ ರುಚಿ, ಮೂಗಿನ ವಾಸನಿ ಎರಡೂ ತಿರುಗಿ ಬರಲಿಲ್ಲ. ಬೆಳಗಾವಿತನಕ ಹೋಗಿ ತೋರಿಸಿ ಬಂದೆ. ಬಂದ್ರ ಬರಬಹುದು ಅಂದ್ರು. ಉಪ್ಪ, ಖಾರ, ಹುಳಿ, ಏನೂ ಗೊತ್ತಾಗೂದಿಲ್ಲ. ಚಮಚಾ ಎಣಿಸಿ ಹಾಕತೇನಿ. ಎಣಿಕಿ ತಪ್ಪಿದ್ರ ಶಟ್ಟೆಪ್ಪ ಒದರ್ತಾನ."

"ಯಾರಿಗೂ ಹೇಳಿಲ್ಲಾ?"

"ಅಡಿಗಿ ಮಾಡಾವಗ ನಾಲಿಗಿ ಇಲ್ಲಂದ್ರ ಯಾರ ಉಣ್ಣಾಕ ಬರ್ತಾರ್ರಿ? ಅವ್ವನ ಖಾನಾವಳಿ ಮುಚ್ಚಬೇಕಾಕ್ಕೈತಿ."

ಮಧುವಿನ ಕಣ್ಣು ತುಂಬಿತು. ಜೊತೆಗೇ ಸಿಟ್ಟೂ ಉಕ್ಕಿತು! ಸಾಲಹಳ್ಳಿಯ ಬಸಲಿಂಗಪ್ಪನ ಮಗಳ ಕೈರುಚಿ ದೊಡ್ಡದು ಎಂಬ ಮಾತು ಕೇಳಿಯೇ ಇವರು ಬಂದಿದ್ದರು. ಅವನ ಸೋದರಮಾವ ಅದನ್ನೇ ಹತ್ತು ಸಲ ಹೇಳಿದ್ದ.

"ಅಂದ್ರ... ನಿಮಗ ಬೇಕಾಗಿದ್ದು ಹೆಂಡ್ತಿ ಅಲ್ಲ. ಒಂದು ನಾಲಿಗಿ. ಹೌದಲ್ಲ?"

ಅವನು ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಳ್ಳಲಿಲ್ಲ.

"ಬರೂಮುಂದ ಅದನ್ನ ಅನ್ಕೊಂಡ ಬಂದಿದ್ದೆ. ಖರೇನ."

"ಮತ್ತ?"

"ಉಣ್ಣೂದಂದ್ರ ನನಗ ಹೊಟ್ಟಿಗೆ ಗಾರೆ ಹಚ್ಚಿದಂಗ ಆಗಿತ್ತು. ಅವತ್ತ ನೀವು ಬಡಿಸಿದಾಗ... ಸವತಿಕಾಯಿ ತಣ್ಣಗ ಹಲ್ಲಿಗೆ ಹತ್ತಿತು, ಕಟಕ್ ಅಂತು. ರೊಟ್ಟಿ ಬಿಸಿ ಬೆರಳಿಗೆ ಹತ್ತಿತು. ಹಸರ ಬಣ್ಣ ಕಣ್ಣಿಗೆ ಕಾಣ್ತು. ಇಷ್ಟ ದಿನಾ ಇವೂ ಊಟದಾಗ ಇದ್ದಾವು ಅನ್ನೂದ ಮರತಿದ್ದೆ. ಎದುರಿಗೆ ನೀವು ನಿಂತಿದ್ರಿ. ಗೊತ್ತಿಲ್ಲಂತ ಹೇಳಾಕ ಬಾಯಿ ಬರಲಿಲ್ರಿ."

ಮಧು ಡಬ್ಬಿಗಳ ಮುಚ್ಚಳ ಹಾಕಿದಳು.

"ನಿಮ್ಮ ಜ್ವರಕ್ಕ ನಾ ಸಿಟ್ಟಾಗಿಲ್ಲ. ಮುಚ್ಚಿಟ್ಟಿದ್ದಕ್ಕ ಆಗೇನಿ. ಹಿಂಗ ಮುಚ್ಚಿಟ್ಟ ಮನ್ಯಾಗ ನಾ ಕಾಲ ಇಡೂದಿಲ್ಲ. ಮೊದಲ ನಿಮ್ಮ ಗಿರಾಕಿಗೆ ಹೇಳ್ರಿ. ಆಮ್ಯಾಲೆ ನಮ್ಮಪ್ಪಗ ಹೇಳ್ರಿ. ಎರಡೂ ಆಗೂತನಕ ನನ್ನ ಹೆಸರ ಎತ್ತಬ್ಯಾಡ್ರಿ."

"ಹೇಳಿದ ಮ್ಯಾಲೆ ಎಲ್ಲಾರೂ ಬಿಟ್ಟ ಹೋದ್ರ?"

ಅವಳು ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಮರಳಿ ಬರುವ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಅತ್ತಳು.

ಮನೆಯಲ್ಲಿ ಕೇಳಿದರೆ "ಅವರ ಬಂದು ಹೇಳ್ತಾರ" ಎಂದಷ್ಟೇ ಅಂದಳು. ಹತ್ತು ದಿನ ಏನೂ ಸುದ್ದಿಯಿಲ್ಲ. ಬೆಳಿಗ್ಗೆ ಗಿಡಕ್ಕೆ ನೀರು, ಮಧ್ಯಾಹ್ನ ಒಲೆ, ಸಂಜೆ ಮತ್ತೆ ನೀರು. ಬಿಸಿಲಿಗೆ ಸೊಪ್ಪಿನ ಮಡಿ ಬಾಡಿದರೂ ಅವಳು ಕೈಬಿಡಲಿಲ್ಲ. 'ಹೇಳಲಾರರು... ಅವರಿಂದ ಆಗಲಾರದು,' ಎಂದು ಮನಸ್ಸು ಹೇಳುತ್ತಿತ್ತು. ಫೋನು ಸದ್ದು ಮಾಡಿದರೆ ಕಾಲು ಮಾತ್ರ ತಾನಾಗಿಯೇ ಒಳಗೆ ಓಡುತ್ತಿತ್ತು!

ಹನ್ನೊಂದನೆಯ ದಿನ ಫೋನು ಬಂತು. ಸೋದರಮಾವನದು.

"ಬಸಲಿಂಗಪ್ಪ, ಹುಡುಗಗ ತಲಿ ಕೆಟ್ಟೈತಿ! ಉಣ್ಣೂ ಮಂದಿ ಮುಂದ ನಿಂತು 'ನನಗ ರುಚಿ ತಿಳಿಯೂದಿಲ್ಲ, ನೀವ ನೋಡಿ ಹೇಳ್ರಿ' ಅಂತ ಡಂಗರಾ ಸಾರಿದಾ. ಅರ್ಧಾ ಮಂದಿ ಬರೂದ ಬಿಟ್ಟಾರ!"

ಬಸಲಿಂಗಪ್ಪ ಫೋನು ಕೆಳಗಿಟ್ಟ. ಮುಖ ಕಪ್ಪಾಗಿತ್ತು. "ಮಧು, ಈ ಸಂಬಂಧ ಬ್ಯಾಡ. ನಾಳಿ ಆ ಖಾನಾವಳಿ ಮುಚ್ಚಿದ್ರ ನೀ ಏನ್ ಉಣ್ಣಾಕಿ?"

ಮಧುಗೆ ಕೇಳಿಸಿದ್ದು ಒಂದೇ ಮಾತು.

ಹೇಳಿದರು... ಅವರು ಹೇಳಿಯೇ ಬಿಟ್ಟರು!

ಮರುದಿನ ಮಧ್ಯಾಹ್ನ ಶ್ರೀಶೈಲ ಒಬ್ಬನೇ ಬಂದ. ಅಂಗಳದಲ್ಲೇ ಚಪ್ಪಲಿ ಬಿಟ್ಟು, ಬಸಲಿಂಗಪ್ಪನ ಎದುರು ನೆಲಕ್ಕೆ ಕುಳಿತು, ಒಂದೂ ಮುಚ್ಚದೆ ಎಲ್ಲ ಹೇಳಿದ. ಜ್ವರ, ಉಪ್ಪಿಲ್ಲದ ಊಟ, ತಾನಾಡಿದ ಸುಳ್ಳು, ಬಿಟ್ಟುಹೋದ ಗಿರಾಕಿ.

"ಇನ್ನ ಉಳದವರೂ ಹೋದ್ರ?" ಬಸಲಿಂಗಪ್ಪ ಕೇಳಿದ.

"ಹೋಗಬಹುದ್ರಿ. ಹೋಗೂದಿಲ್ಲಂತ ನಾ ಹೆಂಗ ಹೇಳ್ಲಿ? ಶಟ್ಟೆಪ್ಪ ಒಬ್ಬ ದಿನಾ ಬಂದು ಸಾರ ನೋಡಿ ಹೇಳ್ತಾನ. ಭಾಳ ಬೈತಾನ. ಬೈದ ಮ್ಯಾಲೆ ಚಲೋ ಆಕ್ಕೈತಿ."

ಬಸಲಿಂಗಪ್ಪ ಎದುರಿಗೆ ಕುಳಿತವನ ಮುಖ ನೋಡಿದ, ಬಾಗಿಲಲ್ಲಿ ನಿಂತ ಮಗಳ ಮುಖ ನೋಡಿದ.

"ನಿನ್ನ ಮನಸ್ಸಿನಾಗ ಏನೈತಿ ಮಗಳ?"

ಮಧು ಹೊರಗೆ ಬಂದಳು.

"ನಾ ಒಪ್ಪೇನಿ ಅಪ್ಪಾ. ಆದ್ರ ಇವರೂ ನನ್ನ ಮಾತ ಕೇಳ್ಬೇಕು." ಅವಳು ಶ್ರೀಶೈಲನ ಕಡೆ ತಿರುಗಿದಳು. "ನಾ ಖಾನಾವಳಿಗೆ ಆಳಾಗಿ ಬರೂದಿಲ್ಲ. ಹಿಂದಿನ ಬಯಲಾಗ ಮಡಿ ಮಾಡಿ ಕೊಡ್ರಿ. ಅದ್ರಾಗ ಅವತ್ತ ಏನ್ ಬೆಳದೈತಿ, ಅದ ಆ ದಿನದ ಅಡಿಗಿ. ಒಲಿ ಇಬ್ಬರದು. ತಪ್ಪಾದ್ರ ಬೈಗುಳಾನೂ ಇಬ್ಬರದು."

"ಬಯಲು ಬರೇ ಕಲ್ಲೈತ್ರಿ," ಎಂದ ಶ್ರೀಶೈಲ. "ಆರು ತಿಂಗಳರ ಬೇಕು. ಹಸನ ಮಾಡತೇನಿ."

'ಆರು ತಿಂಗಳು ಎಂದರು! ನಾಳೆಯೇ ಮಾಡುತ್ತೇನೆ ಎನ್ನಲಿಲ್ಲ.' ಮಧುವಿನ ತುಟಿ ತಾನಾಗಿಯೇ ಅರಳಿತು.

ಬಸಲಿಂಗಪ್ಪ ಎದ್ದು ಧೋತರ ಕೊಡವಿದ. "ರಾಚವ್ವಾ, ಇವನ ಮಾವಗ ಫೋನ್ ಹಚ್ಚ. ಮದವಿ ದಿನಾ ತೆಗಿಸೂದೈತಿ."

ಹಿತ್ತಲ ಬೇಲಿಯ ಹತ್ತಿರದ ಹುಣಸೆ ಮರ ಆ ಬಿಸಿಲಲ್ಲೂ ಚಿಗುರಿತ್ತು. ಅಂದಿನ ಸಾರಿಗೆ ಬೇಕೆಂದು ಮಧು ಚಿಗುರು ಕೀಳುತ್ತಿದ್ದಳು. ಶ್ರೀಶೈಲ ಕೊಂಬೆ ಬಗ್ಗಿಸಿ ಹಿಡಿದಿದ್ದ. ಅವಳು ಒಂದು ಚಿಗುರು ಅವನ ಅಂಗೈಗೆ ಹಾಕಿದಳು.

"ಹೆಂಗೈತ್ರಿ?"

ಅವನು ನಿಧಾನವಾಗಿ ಅಗಿದ. ಈ ಸಲ ಅವಳ ಮುಖ ನೋಡಿ ಉತ್ತರ ಹುಡುಕಲಿಲ್ಲ.

"ಗೊತ್ತಾಗವಲ್ದು."

ಅವಳಿಗೆ ಯಾರೂ ಅಷ್ಟು ಪ್ರೀತಿಯ ಮಾತು ಆಡಿರಲಿಲ್ಲ! ಕಣ್ಣೀರು ಒರೆಸಿಕೊಳ್ಳುತ್ತ ನಕ್ಕಳು.

"ನೀವ ತಿಂದ ಹೇಳ್ರಿ, ಹೆಂಗೈತಿ?" ಎಂದ ಅವನು.

ಮಧು ಒಂದು ಚಿಗುರು ಬಾಯಿಗೆ ಹಾಕಿಕೊಂಡಳು. "ಮೊದಲ ಸ್ವಲ್ಪ ಒಗರ ಐತಿ. ಆಮ್ಯಾಲೆ ಹುಳಿ ಬರ್ತೈತಿ, ಕೆಳಗಿಂದ ಮೆಲ್ಲಕ ಏರ್ತೈತಿ... ಅಬ್ಬಾ!"

"ಕಣ್ಣ ಮುಚ್ಚಿದ್ರಿ."

"ನೋಡಿದ್ರೇನು?"

"ನೋಡಿದೆ. ಹುಳಿ ಅಂದ್ರ ಹಿಂಗ ಇರ್ತೈತಿ ಅನ್ನೂದ ಮರತಿದ್ದೆ." ಅವನು ಕೊಂಬೆಯನ್ನು ಇನ್ನಷ್ಟು ಕೆಳಗೆ ಬಗ್ಗಿಸಿದ. "ದಿನಾ ಹಿಂಗ ಹೇಳ್ತೀರೇನು?"

"ದಿನಾ ಕೇಳ್ತೀರೇನು?"

"ಕೇಳ್ತೇನಿ."

"ಹಂಗಾರ ಇನ್ನೊಂದು ಕೊಡ್ರಿ. ಸರಿಯಾಗಿ ನೋಡಿ ಹೇಳ್ತೇನಿ..."