ಸದ್ದೇ ಮಾಡದ ಕಂಪ್ಯೂಟರ್

"ನೀವೇನಾ ಆ ಸುಳ್ಳುಗಾರ?"

ಬಾಗಿಲು ತೆಗೆದವಳ ಬಾಯಿಂದ ಬಂದ ಮೊದಲ ಮಾತೇ ಇದು! ನಮಸ್ಕಾರವಿಲ್ಲ, ಬನ್ನಿ ಎಂಬ ಉಪಚಾರವೂ ಇಲ್ಲ.

ಹೊಸಿಲಾಚೆ ನಿಂತಿದ್ದವನು ಒಮ್ಮೆ ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗೋ ಹೇಳಿರಬಹುದು ಎಂಬಂತೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

"ಹಾಗಾದ್ರೆ ನಾನೇ ಇರಬೇಕು," ಎಂದ. "ಒಳಗೆ ಬರಬಹುದಾ? ಮಿಕ್ಕಿದ್ದನ್ನ ಕೂತ್ಕೊಂಡು ಬೈಸಿಕೋತೀನಿ."

ಅವಳಿಗೆ ನಗು ಬಂತು. ಬಂದ ನಗುವನ್ನು ತುಟಿ ಕಚ್ಚಿ ತಡೆದಳು. ನಗಬಾರದು! ಇವನಿಂದಲೇ ನನ್ನ ಪುಸ್ತಕ ಕೈತಪ್ಪುವುದರಲ್ಲಿದೆ...

ಅವಳ ಕೆಲಸ ಪುಸ್ತಕಗಳನ್ನು ಗಟ್ಟಿಯಾಗಿ ಓದುವುದು. ಮನೆಯ ಚಿಕ್ಕ ಕೋಣೆಯ ಗೋಡೆಗೆಲ್ಲ ರಜಾಯಿ ತೂಗುಹಾಕಿ, ಮೈಕಿನ ಮುಂದೆ ಕೂತು ಓದಿ ಕಳಿಸಿದರೆ, ಊರೂರಿನ ಜನ ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತಾರೆ. ಇಷ್ಟು ದಿನ ಸಣ್ಣಪುಟ್ಟ ಕಥೆಗಳಾಯಿತು. ಈಗ ಮೊದಲ ಸಲ ಇಡೀ ಕಾದಂಬರಿಯೊಂದು ಸಿಕ್ಕಿತ್ತು. ಅದಕ್ಕೆಂದೇ ಹೊಸ ಕಂಪ್ಯೂಟರ್ ಕೊಂಡಳು. ಕೊಂಡು ಕೆಟ್ಟಳು!

ಅದು 'ಕೀ...' ಎಂದು ಸಣ್ಣಗೆ ಕೀರುತ್ತಿತ್ತು. ಆ ಕೀರಲು ಪ್ರತಿ ವಾಕ್ಯದ ಹಿಂದೆಯೂ ಕೂತುಬಿಡುತ್ತಿತ್ತು. ಮಾದರಿ ಕೇಳಿದ ಪ್ರಕಾಶಕರು ಬರೆದಿದ್ದರು: 'ಶುಕ್ರವಾರದೊಳಗೆ ಮೊದಲ ಅಧ್ಯಾಯ ಶುದ್ಧವಾಗಿ ಬರದಿದ್ದರೆ ಪುಸ್ತಕವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ.'

ಇವತ್ತು ಬುಧವಾರ.

ಈ ಕಂಪ್ಯೂಟರನ್ನೇ ಕೊಳ್ಳಿ ಎಂದು ಹೇಳಿದವನು ಇವನು. 'ಕಂಪ್ಯೂಟರ್ ಕಟ್ಟೆ' ಎಂಬ ಆನ್‌ಲೈನ್ ಗುಂಪಿನಲ್ಲಿ ಇವನ ಹೆಸರು 'ಬಡಗಿ', ಅವಳದು 'ಓದುಗಾರ್ತಿ'. ಆ ಗುಂಪಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಸಲಹೆ ಕೊಡುವವರು ಮೊದಲ ಸಾಲಿನಲ್ಲೇ 'ಸ್ವಂತ ಅನುಭವ' ಎಂದೋ 'ಬೇರೆಯವರಿಂದ ತಿಳಿದದ್ದು' ಎಂದೋ ಹಾಕಲೇಬೇಕು. ಸದ್ದೇ ಮಾಡದ ಕಂಪ್ಯೂಟರ್ ಯಾವುದೆಂದು ಅವಳು ಕೇಳಿದಾಗ ಇವನು ಉತ್ತರಿಸಿದ್ದ:

'ಸ್ವಂತ ಅನುಭವ. ಎರಡು ವರ್ಷದಿಂದ ನನ್ನ ಮೇಜಿನ ಮೇಲಿದೆ. ಉಸಿರಾಡುವ ಸದ್ದೂ ಇಲ್ಲ.'

ಆ ಒಂದು ಸಾಲನ್ನು ನಂಬಿದ್ದಳು. ನಂಬಿಕೆ ಮುರಿದಾಗ ಅಷ್ಟೇ ಸಿಟ್ಟೂ ಬಂತು. ಆಗ ಗುಂಪಿನ ಯಾರೋ ಒಬ್ಬರು ಗುಟ್ಟಾಗಿ ಬರೆದರು: 'ಅವನು ಅಂಗಡಿಯವರ ಕಡೆಯವನಂತೆ.' ಅವಳು ಹಿಂದೆಮುಂದೆ ನೋಡದೆ ಎಲ್ಲರೆದುರು ಬರೆದೇಬಿಟ್ಟಳು: 'ಸ್ವಂತ ಅನುಭವ. ಬಡಗಿ ಎಂಬ ಈ ವ್ಯಕ್ತಿ ಸುಳ್ಳುಗಾರ. ಅಂಗಡಿಯವರ ದಲ್ಲಾಳಿ. ಇವನಿಂದ ಈ ಶುಕ್ರವಾರ ನನ್ನ ಪುಸ್ತಕ ಕೈತಪ್ಪಲಿದೆ.'

ಅವನು ಜಗಳಕ್ಕೆ ಬರಲಿಲ್ಲ. 'ವಿಳಾಸ ಕೊಡಿ, ಬಂದು ನೋಡ್ತೀನಿ' ಎಂದಷ್ಟೇ ಬರೆದ. ಬಂದೂ ಬಿಟ್ಟ!

"ಯಾರೇ ಅದು?" ಅಡುಗೆಮನೆಯಿಂದ ಚಿಕ್ಕಮ್ಮ ಇಣುಕಿದರು. ಅವನ ಅಂಗಿಯ ತೋಳಿನಲ್ಲಿ ಮರದ ಹೊಟ್ಟು ಅಂಟಿತ್ತು, ಕೈಯಲ್ಲಿ ಸಲಕರಣೆಗಳ ಚೀಲ. "ಓ, ಬಡಗೀನಾ? ಆ ಕಪಾಟಿನ ಬಾಗಿಲು ಸರಿಯಾಗಿ ಕೂರ್ತಿಲ್ಲಪ್ಪ, ಸ್ವಲ್ಪ ನೋಡು."

"ನೋಡ್ತೀನಮ್ಮ," ಎಂದ ಅವನು.

*ಅಯ್ಯೋ, ನಿಜವಾಗಿಯೂ ಬಡಗಿಯೇ!* ದಲ್ಲಾಳಿ ಎಂದು ಬರೆದಾಗಿತ್ತಲ್ಲ...

ರಜಾಯಿ ಕೋಣೆಗೆ ಕರೆದೊಯ್ದು ಕಂಪ್ಯೂಟರ್ ಹಚ್ಚಿದಳು. ಕೀ... ಎಂದು ಶುರುವಾಯಿತು.

"ಕೇಳಿಸ್ತಾ?"

ಅವನು ಕತ್ತು ಓರೆಮಾಡಿದ. "ಇನ್ನೂ ಶುರು ಆಗಿಲ್ಲ."

"ಆಗಿದೆ!"

ಮಂಡಿಯೂರಿ ಕಿವಿಯನ್ನು ಪೆಟ್ಟಿಗೆಗೆ ಒತ್ತಿ ಹಿಡಿದ. ಉಸಿರು ಬಿಗಿಹಿಡಿದು ಕೇಳಿದ. "ಇಲ್ವಲ್ಲ..."

"ತಮಾಷೆ ಮಾಡ್ತಿದ್ದೀರಾ?" ಅವಳ ದನಿ ಏರಿತು. "ಚಿಕ್ಕಮ್ಮಾ, ನಿಮಗೆ ಕೇಳಿಸ್ತಿದ್ಯಾ?"

"ಕೇಳಿಸದೇ ಏನು, ಅದನ್ನ ತಂದಾಗಿಂದ ತಲೆ ತಿಂತಾ ಇದೆ! ಅದನ್ನ ಆರಿಸೇ ಮಾರಾಯ್ತಿ!"

ಅವನು ಬಾಗಿಲಿಗೆ ಬಂದು ನಿಂತಿದ್ದ ಚಿಕ್ಕಮ್ಮನನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಆ ಪೆಟ್ಟಿಗೆಯನ್ನು ನೋಡಿದ. ಮುಖದ ಮೇಲಿದ್ದ ತುಂಟತನ ನಿಧಾನವಾಗಿ ಇಳಿಯಿತು.

"ನಿಜವಾಗ್ಲೂ ಸದ್ದಿದ್ಯಾ?" ಎಂದು ಮೆಲ್ಲಗೆ ಕೇಳಿದ.

ಆ ಕ್ಷಣದಲ್ಲಿ ಅವಳಿಗೆ ಎಲ್ಲವೂ ಹೊಳೆಯಿತು. ಇವನು ಸುಳ್ಳು ಹೇಳಿರಲಿಲ್ಲ. ಇವನ ಮೇಜಿನ ಮೇಲೆ ಎರಡು ವರ್ಷದಿಂದ ಇಂಥದ್ದೇ ಕಂಪ್ಯೂಟರ್ ಕೀರುತ್ತಲೇ ಇದೆ. ಇವನಿಗೆ ಮಾತ್ರ ಅದು ಮೌನ...

"ಹನ್ನೊಂದು ವರ್ಷ ಯಂತ್ರದ ಗರಗಸದ ಪಕ್ಕ ನಿಂತಿದ್ದೀನಿ," ಎಂದ ಅವನು, ತನಗೆ ತಾನೇ ಹೇಳಿಕೊಂಡಂತೆ. "ಕಿವಿಗೆ ಏನೂ ಮುಚ್ಚಿಕೊಳ್ತಿರಲಿಲ್ಲ." ತಟ್ಟನೆ ತಲೆ ಎತ್ತಿದ. "ಅಯ್ಯಯ್ಯೋ, ನನ್ನ ಗಡಿಯಾರ!"

"ಏನಾಯ್ತು?"

"ಕೈಗಡಿಯಾರದ ಅಲಾರಂ ಕೂಗೋದೇ ಇಲ್ಲ ಅಂತ ಮೂರು ಸಲ ರಿಪೇರಿಗೆ ಕೊಟ್ಟೆ. ಮೂರು ಸಲವೂ ರಿಪೇರಿಯವನು ಚೆನ್ನಾಗೇ ಇದೆ ಅಂತ ವಾಪಸ್ ಕೊಟ್ಟ. ಅವನಿಗೆ ಬಾಯಿಗೆ ಬಂದಹಾಗೆ ಬೈದು ಬಂದಿದ್ದೀನಿ!"

ಅವಳು ಈ ಸಲ ತಡೆಯಲಾರದೆ ನಕ್ಕಳು. ಅವನೂ ನಕ್ಕ. ಆದರೆ ನಗುವಿನ ಕೊನೆಗೆ ಅವನ ಕೈ ತಾನಾಗಿ ಕಿವಿಯನ್ನು ಮುಟ್ಟಿಕೊಂಡಿತು. ಅದನ್ನು ನೋಡಿ ಅವಳ ಕಣ್ಣು ತುಂಬಿ ಬಂತು.

"ನಾನು ನಿಮ್ಮನ್ನ ದಲ್ಲಾಳಿ ಅಂದೆ. ಯಾರೋ ಹೇಳಿದ್ದನ್ನ ಸ್ವಂತ ಅನುಭವ ಅಂತ ಬರೆದೆ. ತಪ್ಪಾಯ್ತು."

"ನಾನು ಸ್ವಂತ ಅನುಭವ ಅಂತಲೇ ಬರೆದೆ. ಆದ್ರೂ ನಿಮ್ಮ ಪುಸ್ತಕ ಹಾಳುಮಾಡಿದೆ." ಅವನು ಎದ್ದು ತೋಳು ಮಡಿಸಿದ. "ಶುಕ್ರವಾರ ಅಂದ್ರಲ್ವಾ? ಈ ಗೋಡೆಯಾಚೆ ಏನಿದೆ?"

"ಅಡುಗೆಮನೆ."

"ಇನ್ನೇನು ಮತ್ತೆ!"

ಅಂಗಡಿಗೆ ಹೋಗಿ ಉದ್ದದ ಕೇಬಲ್‌ಗಳನ್ನು ತಂದ. ಬಾಗಿಲ ಚೌಕಟ್ಟಿನ ಬುಡದಲ್ಲಿ ಅಚ್ಚುಕಟ್ಟಾಗಿ ಒಂದು ತೂತು ಕೊರೆದು, ಕೇಬಲ್‌ಗಳನ್ನು ತೂರಿಸಿ, ಸಂದಿಗೆ ಹತ್ತಿ ತುರುಕಿದ. ಕಂಪ್ಯೂಟರ್ ಅಡುಗೆಮನೆಗೆ ಹೋಯಿತು. ಮೈಕು, ಪರದೆ ಅವಳ ಬಳಿ ಉಳಿದವು.

"ಈಗ?" ಬಾಗಿಲಾಚೆಯಿಂದ ಕೂಗಿದ.

"ಇನ್ನೂ ಸ್ವಲ್ಪ ಇದೆ!"

ಇನ್ನಷ್ಟು ಹತ್ತಿ, ಬಾಗಿಲಡಿಗೆ ಚಿಕ್ಕಮ್ಮನ ಹಳೇ ಸೀರೆ. "ಈಗ?"

"ಚೂರೇ ಚೂರು..."

"ನನಗಂತೂ ಗೊತ್ತಾಗಲ್ಲ ಕಣ್ರೀ. ನೀವೇ ನನ್ನ ಕಿವಿ. ಸರಿಯಾಗಿ ಹೇಳಿ!"

ನೀವೇ ನನ್ನ ಕಿವಿ... ಆ ಮಾತಿಗೆ ಅವಳ ಕೆನ್ನೆ ಯಾಕೆ ಬೆಚ್ಚಗಾಯಿತೋ! ಆಮೇಲೆ ಕಿವಿಗೊಟ್ಟು ಕೇಳಿದಳು. ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ, ತನ್ನ ಎದೆಬಡಿತದ ಹೊರತು.

ಶುಕ್ರವಾರ ಬೆಳಿಗ್ಗೆ ಅಧ್ಯಾಯ ಹೋಯಿತು. ಮಧ್ಯಾಹ್ನಕ್ಕೆ ಉತ್ತರ ಬಂತು: 'ಶುದ್ಧವಾಗಿದೆ. ಮುಂದುವರಿಸಿ.' ಅವಳು ಚಿಕ್ಕಮ್ಮನನ್ನು ತಬ್ಬಿ ಒಂದು ಸುತ್ತು ತಿರುಗಿಸಿದಳು. ಬಳಿಕ ಕಟ್ಟೆಯಲ್ಲಿ, ಎಲ್ಲರೆದುರು, ಕ್ಷಮೆ ಕೇಳಿ ಬರೆದಳು. ಅದರ ಕೆಳಗೇ ಅವನು ತನ್ನ ಹಳೆಯ ಸಲಹೆಯನ್ನು ತಿದ್ದಿದ್ದ: 'ಸ್ವಂತ ಅನುಭವ. ಆದರೆ ನನ್ನ ಕಿವಿಯದು ಮಾತ್ರ. ಕೊಳ್ಳುವ ಮೊದಲು ನಿಮ್ಮ ಕಿವಿಯಿಂದ ಕೇಳಿ.'

ಆಮೇಲಿನ ಭಾನುವಾರಗಳಲ್ಲಿ ಅವನು ಬಂದ. ಒಮ್ಮೆ ಕಪಾಟಿನ ಬಾಗಿಲಿಗೆ, ಇನ್ನೊಮ್ಮೆ ಅಲುಗಾಡದಿದ್ದ ಕುರ್ಚಿಯ ಕಾಲಿಗೆ! ಅವಳು ಓದುವಾಗ ಅಡುಗೆಮನೆಯಲ್ಲಿ ಆ ಕೀರಲು ಪೆಟ್ಟಿಗೆಯ ಪಕ್ಕ ನೆಮ್ಮದಿಯಾಗಿ ಕೂತಿರುತ್ತಿದ್ದ. ಚಿಕ್ಕಮ್ಮ ಮಾತ್ರ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುತ್ತಿದ್ದರು.

ಕಾದಂಬರಿ ಮುಗಿದ ಭಾನುವಾರ ಅವನು ಬೇರೊಂದು ಕಂಪ್ಯೂಟರ್ ಹೊತ್ತು ತಂದ.

"ಅಂಗಡೀಲಿ ತಂಗೀನ ನಿಲ್ಲಿಸಿ, ಅವಳ ಕಿವಿಯಿಂದ ಪರೀಕ್ಷೆ ಮಾಡಿಸಿದೆ. ಇದನ್ನ ಇಟ್ಕೊಳ್ಳಿ. ಅದನ್ನ ನಾನು ಒಯ್ತೀನಿ, ಅದರ ಜೊತೆ ಬಾಳೋಕೆ ನನ್ನಿಂದ ಮಾತ್ರ ಸಾಧ್ಯ."

ಅವಳು ನಕ್ಕಳು, ಆದರೆ ಒಳಗೆ ಏನೋ ಕುಸಿಯಿತು. *ಇನ್ನು ಇವನು ಬರಲು ಕಾರಣವೇ ಇಲ್ಲ...*

ಆದರೆ ಅವನು ಹೊರಡಲಿಲ್ಲ. ಕೇಬಲನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

"ಕಿವಿ ಡಾಕ್ಟರ್ ಹತ್ರ ಹೋಗಿದ್ದೆ," ಎಂದ. "ಕೀರಲಿನಂಥ ಸಣ್ಣ, ತೆಳು ದನಿಗಳೆಲ್ಲ ನನಗೆ ಅರ್ಧಂಬರ್ಧವಂತೆ. ತಂಗಿ ಏನೇ ಹೇಳಿದ್ರೂ ಎರಡು ಸಲ 'ಏನು?' ಅಂತೀನಿ, ಅವಳು ರೇಗ್ತಾಳೆ. ನಿಮ್ಮ ಹತ್ರ ಇಷ್ಟು ದಿನದಲ್ಲಿ ಒಂದು ಸಲನಾದ್ರೂ 'ಏನು?' ಅಂದಿದ್ದೀನಾ?"

ಅವಳು ನೆನಪಿಸಿಕೊಂಡಳು. ಇಲ್ಲ. ಒಂದು ಸಲವೂ ಇಲ್ಲ!

"ನನ್ನದು ದಪ್ಪ ದನಿ," ಎಂದಳು ತಲೆ ತಗ್ಗಿಸಿ. "ಸಂಬಂಧ ಕೇಳೋಕೆ ಫೋನ್ ಮಾಡಿದವರು 'ಸಾರ್, ಹುಡುಗಿಗೆ ಫೋನ್ ಕೊಡಿ' ಅಂದಿದ್ರು. ಆಮೇಲೆ ಅವರು ಬರಲೇ ಇಲ್ಲ."

"ಅವರ ಕಿವಿ ಕೆಟ್ಟಿರಬೇಕು. ನಿಮ್ಮ ಒಂದು ಅಕ್ಷರವೂ ನನಗೆ ತಪ್ಪಲ್ಲ. ದಿನಾ ಕೇಳಬೇಕು ಅನ್ಸುತ್ತೆ." ಅವನು ಕೇಬಲನ್ನು ಕೆಳಗಿಟ್ಟ. "ನನಗೆ ನೀವು ಇಷ್ಟ. ಇದು ಯಾರೋ ಹೇಳಿದ್ದಲ್ಲ."

ಬಾಲ್ಯದಿಂದ ಜನರೆದುರು ಅಡಗಿಸಿಟ್ಟು, ಮೈಕಿನ ಮುಂದೆ ಮಾತ್ರ ಬಿಚ್ಚಿದ ದನಿ! ಅದಕ್ಕಾಗಿಯೇ ಒಬ್ಬ ಕಾದು ನಿಂತಿದ್ದಾನೆ... ಅವಳ ಕಣ್ಣು ಮಂಜಾಯಿತು. ಹತ್ತಿರ ಬಂದು, ತೀರಾ ಮೆಲ್ಲಗೆ, ಬಹುತೇಕ ಉಸಿರಲ್ಲೇ ಹೇಳಿದಳು:

"ನನಗೂ ನೀವು ಇಷ್ಟ. ಮದುವೆ ಆಗೋಣ್ವಾ?"

ಅವನು ಕತ್ತು ಓರೆಮಾಡಿದ.

"ಏನು?"

ಅವಳು ಗಾಬರಿಯಿಂದ ಅವನ ಮುಖ ನೋಡಿದಳು. ಅವನ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ತುಂಬಿದ ನಗು.

"ಕೇಳಿಸ್ತು ತಾನೇ?"

"ಪೂರ್ತಿ ಕೇಳಿಸ್ತು," ಎಂದ. "ಇನ್ನೊಂದು ಸಲ ಹೇಳಿ."