ನೂರನೆಯ ಬಿಳಿ ಕಣ

ಮಂಗಳವಾರ ರಾತ್ರಿ ಹನ್ನೊಂದು ಗಂಟೆ ನಲವತ್ನಾಲ್ಕು ನಿಮಿಷಕ್ಕೆ ಪಕ್ಕದ ಕೋಣೆಯಲ್ಲಿ ‘ಟಿಣ್’ ಎಂದಿತು.

ವಿದ್ಯಾರ್ಥಿಗಳ ರೆಕಾರ್ಡು ತಿದ್ದುತ್ತಿದ್ದ ಪ್ರಾಧ್ಯಾಪಕಿ ಕೆಂಪು ಪೆನ್ನನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟರು. ಪಶುವೈದ್ಯಕೀಯ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ರಕ್ತಪರೀಕ್ಷೆಯ ಪಾಠ ಮಾಡಿದವರಿಗೆ ಅದೇನೆಂದು ಬೇರೆ ಯಾರೂ ಹೇಳಬೇಕಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣುವ ಒಂದೊಂದು ಬಗೆಯ ಬಿಳಿ ಕಣಕ್ಕೂ ಒಂದೊಂದು ಗುಂಡಿ ಒತ್ತುವ ಹಳೆಯ ಎಣಿಕೆ ಯಂತ್ರ ಅದು. ನೂರು ತುಂಬಿದರೆ ಅದರ ಪುಟ್ಟ ಗಂಟೆ ಬಾರಿಸುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಕೀಲಿ ತಿರುಗಿದ ಸದ್ದೂ ಕೇಳಿಸಿತ್ತು; ಬೀಗ ಹಾಕಿದ್ದ ಕೋಣೆಯಲ್ಲಿ ಯಾರೋ ನೂರು ಎಣಿಸಿ ಮುಗಿಸಿದ್ದರು.

ಅವರು ದೀಪ ಆರಿಸಿದರು. ಹೆಜ್ಜೆಗಳು ಬಂದು ಬಾಗಿಲಾಚೆ ಒಂದು ಗಳಿಗೆ ನಿಂತು, ಮುಂದೆ ಹೋದವು. ಅವರು ಬಹಳ ಹೊತ್ತು ಕತ್ತಲಲ್ಲೇ ಕೂತಿದ್ದರು.

ಬುಧವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ಠಾಣೆಯಲ್ಲಿ ದೂರು ಕೊಟ್ಟರು.

“ಏನು ಕಳುವಾಗಿದೆ?” ಇನ್ಸ್‌ಪೆಕ್ಟರ್ ಕೇಳಿದರು.

“ಒಂದು ಸ್ಲೈಡು.”

“ಬೆರಳುದ್ದದ ಗಾಜಿಗೂ ಎಫ್‌ಐಆರಾ ಸಾರ್?” ಹೆಡ್ ಕಾನ್‌ಸ್ಟೆಬಲ್ ನಕ್ಕ. “ನಮ್ಮನೇಲಿ ವಾರಕ್ಕೊಂದು ಲೋಟ ಒಡೆಯುತ್ತೆ. ನನ್ನವಳ ಮೇಲೆ ಎಷ್ಟು ಕೇಸು ಹಾಕ್ಲಿ?”

“ಅದರ ಮೇಲೆ ಭಾನುವಾರ ಸತ್ತ ಹಸುವಿನ ಕಿವಿಯ ರಕ್ತ ಇದೆ,” ಎಂದರು ಪ್ರಾಧ್ಯಾಪಕಿ. “ಹಠಾತ್ತಾಗಿ ಸತ್ತ ದನವನ್ನ ಕೊಯ್ಯೋಕೆ ಮುಂಚೆ ಕಿವಿಯ ರಕ್ತ ನೋಡ್ಬೇಕು. ನೆರಡಿ ರೋಗ ಇದ್ದರೆ, ಅದೇ ಆಂಥ್ರಾಕ್ಸ್, ಕೊಯ್ಯಲೇಬಾರದು. ಮನುಷ್ಯರಿಗೂ ಅಂಟುತ್ತೆ. ನಮ್ಮ ಸಹಾಯಕ ಪ್ರಾಧ್ಯಾಪಕರು ನೋಡಿ ‘ಇಲ್ಲ’ ಅಂತ ಬರೆದಿದ್ರು. ಸೋಮವಾರ ಇಪ್ಪತ್ತೆರಡು ವಿದ್ಯಾರ್ಥಿಗಳು ಅದನ್ನ ಕೊಯ್ದ್ರು. ಆಮೇಲೆ ಸುಟ್ಟಾಯ್ತು.”

“ಕಳ್ಳ ಅದೊಂದನ್ನೇ ಯಾಕೆ ಒಯ್ದ?”

“ಅದರಲ್ಲಿ ಏನೋ ಕಂಡಿರಬೇಕು.”

ಹೆಡ್ ಕಾನ್‌ಸ್ಟೆಬಲ್ ನಗು ನಿಲ್ಲಿಸಿ, ಯಾಕೋ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

“ಸದ್ದಾದಾಗ ಎದ್ದು ನೋಡ್ಲಿಲ್ವಾ?” ಎಂದರು ಇನ್ಸ್‌ಪೆಕ್ಟರ್.

“ಹೆದರಿಕೆ ಆಯ್ತು.”

ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು.

ಹನ್ನೊಂದಕ್ಕೆ ಕಾಲೇಜಿನಲ್ಲಿ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಎರಡನೆಯ ಕೀಲಿ ಯಾರ ಕೈಗೂ ಸಿಗುವಂತೆ ಪಡಸಾಲೆಯ ಮೊಳೆಗೆ ನೇತಾಡುತ್ತಿತ್ತು. ಸ್ಲೈಡಿನ ಪೆಟ್ಟಿಗೆಯಲ್ಲಿ ಹದಿನೇಳನೆಯ ಸಂದು ಖಾಲಿ. ಯಂತ್ರದ ಅಂಕಿಗಳನ್ನು ಕೂಡಿದರೆ ಸರಿಯಾಗಿ ನೂರು. ಗುಂಡಿಗಳ ಮೇಲಿನ ಬೆರಳಚ್ಚುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು.

“ಕದಿಯೋಕೆ ಬಂದವನು ಕೂತು ಎಣಿಸ್ತಾನಾ?” ಇನ್ಸ್‌ಪೆಕ್ಟರ್ ಕೇಳಿದರು.

“ಅಭ್ಯಾಸಬಲ. ಕಣ್ಣು ಮಸೂರದಲ್ಲಿದ್ರೆ ಬೆರಳು ಗುಂಡಿ ಮೇಲಿರ್ಬೇಕು ಅಂತ ಕಲಿಸ್ತೀವಿ.”

“ಕಲಿಸೋದು ಯಾರು?”

“ನಾನೇ.”

ವಿದ್ಯಾರ್ಥಿಗಳಿಗೆ ಕೂಡಲೇ ರೋಗ ತಡೆಯುವ ಮಾತ್ರೆ ಕೊಡಿಸಿ ಎಂದು ಪ್ರಾಧ್ಯಾಪಕಿ ಹೇಳಿದಾಗ ಪ್ರಾಂಶುಪಾಲರು ಬೇಡವೆಂದು ಕೈಯಾಡಿಸಿದರು. “ವರದಿಯಲ್ಲಿ ‘ಇಲ್ಲ’ ಅಂತಿದೆ. ಆಧಾರ ತನ್ನಿ. ಸುಮ್ಮನೆ ಮಕ್ಕಳ ಎದೆ ಒಡೆಯಬೇಡಿ.” ಹಿಂದೆ ನಿಂತಿದ್ದ ಸಹಾಯಕ ಪ್ರಾಧ್ಯಾಪಕ ತಲೆಯಾಡಿಸಿದ. ಹೊರಗೆ ಬಂದಾಗ ಎಂದಿನಂತೆ ಕೇಳಿದ: “ಅಮ್ಮಾ, ಊಟ ಆಯ್ತಾ?” ಹದಿನೆಂಟು ವರ್ಷಗಳ ಹಿಂದೆ ಅವರ ತರಗತಿಯಲ್ಲಿ ಕೂತಿದ್ದವನು, ಅವರು ನಿವೃತ್ತರಾದರೆ ಆ ಕುರ್ಚಿಗೆ ಬರಬೇಕಾದವನು. ಅದರ ಸಂದರ್ಶನ ಶುಕ್ರವಾರ.

ಅಂದು ಸಂಜೆ ಪ್ರಾಧ್ಯಾಪಕಿ ಸ್ಲೈಡಿನ ಕೋಣೆಗೆ ಬೀಗ ಹಾಕದೆ ಮನೆಗೆ ಹೋದರು.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಬಂದು ನೋಡಿದರೆ ಹದಿನೇಳನೆಯ ಸಂದು ಖಾಲಿಯೇ ಇತ್ತು. ಪೆಟ್ಟಿಗೆ ಮುಚ್ಚುವಷ್ಟರಲ್ಲಿ ವಿದ್ಯಾರ್ಥಿನಿಯೊಬ್ಬಳು ಮಣಿಕಟ್ಟು ಚಾಚಿ ನಿಂತಳು. ಕೆಂಪು ಊತ, ನಡುವೆ ನೀರುಗುಳ್ಳೆ.

“ಸೊಳ್ಳೆ ಕಚ್ಚಿರ್ಬೇಕು ಮೇಡಂ. ತುರಿಕೆ ಅಷ್ಟೇ, ನೋವೇ ಇಲ್ಲ.”

ನೆರಡಿಯ ಹುಣ್ಣು ನೋಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವಳನ್ನು ಆಸ್ಪತ್ರೆಗೆ ಅಟ್ಟಿ ಠಾಣೆಗೆ ಫೋನು ಮಾಡಿದರು.

“ಮಂಗಳವಾರ ರಾತ್ರಿ ಕೀಲಿ ತಿರುಗಿದ ಸದ್ದು ಕೇಳಿಸಿದ್ದು ಹನ್ನೊಂದು ಮೂವತ್ತೆಂಟಕ್ಕೆ. ಗಂಟೆ ಬಾರಿಸಿದ್ದು ನಲವತ್ನಾಲ್ಕಕ್ಕೆ.”

“ಅಂದ್ರೆ?”

“ನೂರು ಕಣ ಎಣಿಸೋಕೆ ವಿದ್ಯಾರ್ಥಿಗೆ ಇಪ್ಪತ್ತು ನಿಮಿಷ ಬೇಕು. ಆರು ನಿಮಿಷದಲ್ಲಿ ಮುಗಿಸೋರು ಈ ಕಟ್ಟಡದಲ್ಲಿ ಇಬ್ಬರೇ. ಒಬ್ಬಳು ನಾನು.”

ಇನ್ನೊಬ್ಬನ ಮೇಜಿನ ಖಾನೆಯನ್ನು ಒಂಬತ್ತೂವರೆಗೆ ಪಂಚರ ಎದುರು ತೆರೆಯಲಾಯಿತು. ಮಡಿಸಿಟ್ಟ ಬಿಳಿ ಕೋಟಿನ ಅಡಿಯಲ್ಲಿ ಕಾಗದ ಸುತ್ತಿದ ಸ್ಲೈಡು. ಅದರ ಪಕ್ಕ ಮಾತ್ರೆಯ ಪಟ್ಟಿ. ನಾಲ್ಕು ಗುಳಿ ಖಾಲಿ.

“ಇದೇ ಮಾತ್ರೆಯನ್ನ ಮಕ್ಕಳಿಗೆ ಕೊಡ್ಬೇಕಿತ್ತು ಅಲ್ವಾ ಮೇಡಂ?” ಹೆಡ್ ಕಾನ್‌ಸ್ಟೆಬಲ್ ಕೇಳಿದ. ಅವರು ಹೂಂ ಎಂದರು.

ಮಸೂರದಡಿಯಲ್ಲಿ ಬಿದಿರಿನ ಗೆಣ್ಣುಗಳಂತೆ ಸಾಲುಗಟ್ಟಿದ ಚೌಕತುದಿಯ ಕಡ್ಡಿಗಳು ಕಂಡವು: ನೆರಡಿಯ ರೋಗಾಣುಗಳು. ಒಂಬತ್ತು ಐವತ್ತೈದಕ್ಕೆ ಇಪ್ಪತ್ತೆರಡು ಮಂದಿಗೂ ಚಿಕಿತ್ಸೆ ಶುರುವಾಯಿತು. ಹತ್ತೂ ಇಪ್ಪತ್ತಕ್ಕೆ ಸಹಾಯಕ ಪ್ರಾಧ್ಯಾಪಕನನ್ನು ಬಂಧಿಸಲಾಯಿತು.

“ಭಾನುವಾರ ನೋಡದೆಯೇ ಸಹಿ ಹಾಕಿದ್ದೆ,” ಎಂದ ಅವನು. “ಸಂದರ್ಶನದ ಓದು ಬಾಕಿ ಇತ್ತು. ಆಮೇಲೆ ನಿದ್ದೆ ಬರ್ಲಿಲ್ಲ. ಮಂಗಳವಾರ ಹೋಗಿ ನೋಡಿದೆ. ಮೊದಲ ನೋಟಕ್ಕೇ ಕಾಣಿಸ್ತು. ಆದ್ರೂ ನೋಡ್ತಾನೇ ಇದ್ದೆ, ನನ್ನ ಕಣ್ಣೇ ತಪ್ಪಿರ್ಲಿ ಅಂತ. ಬೆರಳು ಗುಂಡಿ ಒತ್ತುತ್ತಿದ್ದದ್ದು ಗಂಟೆ ಬಾರಿಸಿದಾಗ್ಲೇ ಗೊತ್ತಾಗಿದ್ದು.”

“ಹೇಳಬಹುದಿತ್ತಲ್ಲ?” ಎಂದರು ಇನ್ಸ್‌ಪೆಕ್ಟರ್.

ಅವನು ಪ್ರಾಧ್ಯಾಪಕಿಯ ಕಡೆ ತಿರುಗಿದ. “ಓದೋವಾಗ ಒಂದು ಸಲ, ನೋಡದೆ ಸಹಿ ಹಾಕಿದ್ದಕ್ಕೆ ನನ್ನನ್ನ ಇಡೀ ತರಗತಿ ಮುಂದೆ ನಿಲ್ಲಿಸಿದ್ರಿ ಅಮ್ಮಾ. ಇನ್ನೊಂದು ಸಲ ನಿಲ್ಲೋ ಶಕ್ತಿ ಇರ್ಲಿಲ್ಲ.”

ಅವರಿಗೆ ಅದು ನೆನಪೇ ಇರಲಿಲ್ಲ.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಪ್ರಾಧ್ಯಾಪಕಿಯ ಹೇಳಿಕೆಯನ್ನು ಓದಿ ಹೇಳಿದರು. “ಈ ಆರು ನಿಮಿಷದ ವಿಷಯ ನಿನ್ನೆ ಯಾಕೆ ಹೇಳ್ಲಿಲ್ಲ?”

“ನೆನಪಾಗ್ಲಿಲ್ಲ.”

ಅವರು ಹಾಗೇ ಬರೆದುಕೊಂಡರು. ಪ್ರಾಧ್ಯಾಪಕಿ ಸಹಿ ಹಾಕಿದರು.

ಸಂಜೆ ಆಸ್ಪತ್ರೆಯಿಂದ ಫೋನು ಬಂತು: ಹುಡುಗಿಗೆ ಜ್ವರ ಏರಿದೆ, ಒಂದು ದಿನ ಮೊದಲೇ ಮಾತ್ರೆ ಬಿದ್ದಿದ್ದರೆ ಚೆನ್ನಾಗಿತ್ತು, ಆದರೂ ಭಯಪಡಬೇಡಿ ಎಂದರು ವೈದ್ಯರು. ಪ್ರಾಧ್ಯಾಪಕಿ ಅರ್ಧ ತಿದ್ದಿದ್ದ ರೆಕಾರ್ಡನ್ನು ಎಳೆದುಕೊಂಡರು. ಅದರ ಅಂಚಿನಲ್ಲಿ ಮಂಗಳವಾರ ಬರೆದಿದ್ದ ಅವರದೇ ಕೆಂಪು ಅಕ್ಷರ: ಕಂಡದ್ದನ್ನು ಮುಚ್ಚಿಡದೆ ಬರೆ.

ಅಂದು ಹೆಜ್ಜೆಗಳು ಬಾಗಿಲಾಚೆ ನಿಂತಾಗ ‘ಮಗೂ’ ಎಂದು ಕರೆಯಲು ಅವರ ಬಾಯಿ ತೆರೆದಿತ್ತು. ಯಾರೆಂದು ಆ ಗಂಟೆಯ ಸದ್ದಿಗೇ ಗೊತ್ತಾಗಿತ್ತು. ಪೊಲೀಸರು ಬಂದರೆ ಬೆದರಿ ತಾನಾಗಿಯೇ ತಂದಿಡುತ್ತಾನೆಂದು ಒಂದು ಹಗಲು, ಒಂದು ರಾತ್ರಿ ಕಾದಿದ್ದರು. ಇದನ್ನು ಪೊಲೀಸರಿಗೆ ಹೇಳುವುದಿಲ್ಲ, ಮನೆಯವರಿಗೆ ಹೇಳುವುದಿಲ್ಲ, ಬದುಕಿ ಬಂದರೆ ಆ ಹುಡುಗಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿ, ಕೆಂಪು ಪೆನ್ನಿನ ಮುಚ್ಚಳ ತೆಗೆದು ಮುಂದಿನ ಪುಟ ತಿರುವಿದರು.