ಮುಂದೆ ನಡೆಯುವವರ ಸರದಿ

ನಮ್ಮ ಸಾಗೆನೆ ನದಿಯ ಕಡೆ ಒಂದು ಪದ್ಧತಿ ಇದೆ. ಹಿಮದಲ್ಲಿ ಕಾಲು ಹೂಳದಂತೆ ಅಗಲವಾದ ಜಾಲರಿಮೆಟ್ಟು ಕಟ್ಟಿಕೊಂಡು, ಮುಂದೆ ಹಿಮ ತುಳಿದು ದಾರಿ ಮಾಡುವವರು ದಣಿದರೆ ಪಕ್ಕಕ್ಕೆ ಸರಿದು, ಎಲ್ಲರಿಗೂ ದಾರಿ ಬಿಟ್ಟು, ಸಾಲಿನ ಕೊನೆಗೆ ಸೇರಿಕೊಳ್ಳಬೇಕು. ಹಠಮಾರಿ ಅರ್ಮಾನ್ ಅಣ್ಣ ಮಾತ್ರ ಯಾರನ್ನೂ ಮುಂದೆ ಬಿಡುತ್ತಿರಲಿಲ್ಲ. ಹೋದ ಚಳಿಗಾಲ ನದಿ ಕಾಣುವ ಬಂಡೆಗೆ ಹತ್ತುವಾಗ ಎದೆ ಹಿಡಿದುಕೊಂಡು ಬಿದ್ದವನು ಮತ್ತೆ ಏಳಲಿಲ್ಲ.

ಈ ಸಲ ಅವನ ಹೆಂಡತಿ ಬ್ಲಾಂಷ್ ಅತ್ತಿಗೆ ಮತ್ತು ನಾನು ಇಬ್ಬರೇ ಆ ಬಂಡೆಗೆ ಹೋದೆವು. ನಾನು ಮುಂದಿದ್ದೆ. ಹೊಸ ಹಿಮದ ಮೇಲೆ ಒಂದು ಗುರುತೂ ಇರಲಿಲ್ಲ, ಆದರೂ ನನ್ನ ಕಾಲು ಹೂತುಕೊಳ್ಳಲಿಲ್ಲ. ನನಗಿಂತ ಮುಂದೆ ಯಾರದೋ ಮೆಟ್ಟಿನ ತೊಗಲಪಟ್ಟಿ ಕಿರುಗುಟ್ಟುತ್ತಿತ್ತು.

“ಏನೇ ಕೊಲೆಟ್, ಕ್ರಿಸ್ಮಸ್ಸಲ್ಲಿ ಅಷ್ಟೊಂದು ಮಾಂಸದ ಕಡುಬು ತಿಂದೋಳು ಹಕ್ಕಿ ಥರ ಹೋಗ್ತಿದೀಯಲ್ಲ!” ಅತ್ತಿಗೆ ಹಿಂದಿನಿಂದ ಕಿಚಾಯಿಸಿದರು.

“ಹಿಮ ಗಟ್ಟಿ ಇದೆ ಅತ್ತಿಗೆ.”

ಕೊನೆಯ ಏರಿನಲ್ಲಿ ಆ ಸದ್ದು ಎಡಕ್ಕೆ ಸರಿದು ನಿಂತಿತು. ಮುಂದಿನ ಹೆಜ್ಜೆಗೇ ನಾನು ಮೊಣಕಾಲವರೆಗೆ ಹೂತುಹೋದೆ. ಆ ಜಾಗ ದಾಟುವಾಗ ಎಡಗೆನ್ನೆಗೆ ಬೆಚ್ಚನೆಯ ಉಸಿರು ತಾಗಿತು.

ಬಂಡೆ ತಲುಪಿದ ಅತ್ತಿಗೆ ನದಿಯ ಕಡೆ ತಿರುಗಲೇ ಇಲ್ಲ. ಬಂದ ದಾರಿಯನ್ನೇ ನೋಡುತ್ತ, “ಸದ್ಯ, ಪಕ್ಕಕ್ಕೆ ಸರಿದ್ರಲ್ಲ ನಿಮ್ಮಣ್ಣ. ಕಡೆಗೂ ಸುಸ್ತಾಯ್ತು ಅಂತ ಒಪ್ಕೊಂಡ್ರು,” ಎಂದರು.

ಇಳಿಯುವಾಗ ನೋಡಿದೆ. ಆ ಏರಿನ ಪಕ್ಕದಲ್ಲಿ ಒಂದು ಜೊತೆ ಮೆಟ್ಟಿನ ಗುರುತು ಆಳವಾಗಿ ಮೂಡಿತ್ತು, ದಾರಿಯ ಕಡೆ ಮುಖ ಮಾಡಿ. ಅಲ್ಲಿಗೆ ಬಂದ ಹೆಜ್ಜೆಯೂ ಇರಲಿಲ್ಲ, ಅಲ್ಲಿಂದ ಹೋದ ಹೆಜ್ಜೆಯೂ ಇರಲಿಲ್ಲ.